ಎಂಟು ವರ್ಷ ಬಳಸಿದ ಮೇಲೆ ‘ವೈಪ್‌ಔಟ್ ಒಮೆಗಾ ಕಲೆಕ್ಷನ್’

ಸೋನಿಯ ವಿಡಿಯೋ ಆಟದ ಯಂತ್ರವಾದ ಪ್ಲೇಸ್ಟೇಷನ್ 4ಕ್ಕಾಗಿ 2017ರ ಜೂನ್‌ನಲ್ಲಿ ಬಿಡುಗಡೆಯಾದ ‘ವೈಪ್‌ಔಟ್ ಒಮೆಗಾ ಕಲೆಕ್ಷನ್’ ಎಂಬ ಆಟದ ಡಿಸ್ಕನ್ನು ಅದೇ ವರ್ಷದ ದೀಪಾವಳಿಯ ಹೊತ್ತಿಗೆ ಹುಬ್ಬಳ್ಳಿಯ ಅಂಗಡಿಯೊಂದರಿಂದ ತಂದೆ. ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಆಮೇಲೆ ಎಷ್ಟೋ ಆಟಗಳ ಡಿಸ್ಕುಗಳು ಬಂದು, ಮುಗಿದು, ಮಾರಾಟವಾಗಿ ಹೋದವು. ಇದನ್ನು ಮಾತ್ರ ಮಾರಲು ಮನಸ್ಸಾಗಲಿಲ್ಲ. ಚಿತ್ರ ಚೆನ್ನಾಗಿದೆ, ಸಂಗೀತ ಚೆನ್ನಾಗಿದೆ ಎಂಬ ಮೊದಲ ವಾರದ ಮಾತುಗಳನ್ನು ಎಂಟು ವರ್ಷದ ಬಳಕೆಯ ನಂತರ ಮತ್ತೆ ಬರೆಯುವುದರಲ್ಲಿ ಅರ್ಥವಿಲ್ಲ. ನಾನು ಹೇಳಬೇಕಾದದ್ದು ಬೇರೆ: ಈ ಆಟ ತನ್ನೊಳಗಿನ ಒಳ್ಳೆಯ ಸಂಗತಿಗಳಲ್ಲಿ ಅರ್ಧದಷ್ಟನ್ನೂ ತಾನಾಗಿ ಹೇಳುವುದಿಲ್ಲ. ಆಡುವವರು ಹುಡುಕಿ, ಒಬ್ಬರಿಂದೊಬ್ಬರಿಗೆ ದಾಟಿಸಿದ್ದರಿಂದಲೇ ಅವು ಬೆಳಕಿಗೆ ಬಂದಿವೆ, ಮತ್ತು ಆ ಹುಡುಕಾಟವೇ ಈ ಡಿಸ್ಕನ್ನು ನನ್ನ ಕಪಾಟಿನಲ್ಲಿ ಉಳಿಸಿದೆ.

ಪರಿಚಯವಿಲ್ಲದವರಿಗಾಗಿ ಒಂದಿಷ್ಟು ಹಿನ್ನೆಲೆ. ನೆಲಕ್ಕೆ ತಾಗದೆ ತೇಲುತ್ತ ಓಡುವ ಗುರುತ್ವ-ವಿರೋಧಿ ನೌಕೆಗಳ ಪಂದ್ಯ ಇದು. ಮೊದಲನೆಯ ‘ವೈಪ್‌ಔಟ್’ 1995ರ ಸೆಪ್ಟೆಂಬರ್‌ನಲ್ಲಿ, ಯುರೋಪಿನಲ್ಲಿ ಪ್ಲೇಸ್ಟೇಷನ್ ಮಾರುಕಟ್ಟೆಗೆ ಬಂದಾಗ, ಅದರ ಜೊತೆಗೇ ಬಂತು. ತಯಾರಿಸಿದವರು ಲಿವರ್‌ಪೂಲ್‌ನ ಸಿಗ್ನೋಸಿಸ್ ಸಂಸ್ಥೆಯವರು. ಮುಂದೆ ಸ್ಟುಡಿಯೋ ಲಿವರ್‌ಪೂಲ್ ಎಂದು ಹೆಸರು ಬದಲಾಯಿಸಿಕೊಂಡ ಆ ಸಂಸ್ಥೆಯನ್ನು 2012ರ ಆಗಸ್ಟ್‌ನಲ್ಲಿ ಸೋನಿ ಮುಚ್ಚಿತು. ಆದ್ದರಿಂದ ಒಮೆಗಾ ಸಂಗ್ರಹವನ್ನು ಕಟ್ಟಿದವರು ಮೂಲ ತಂಡದವರಲ್ಲ. ಕ್ಲೆವರ್ ಬೀನ್ಸ್ ಮತ್ತು ಎಪೋಸ್ ಎಂಬ ಎರಡು ಚಿಕ್ಕ ಸಂಸ್ಥೆಗಳು ಸೋನಿಯ ತಂಡವೊಂದರ ಜೊತೆ ಸೇರಿ 2008ರ ‘ವೈಪ್‌ಔಟ್ ಎಚ್‌ಡಿ’, ಅದರ ಮುಂದುವರಿಕೆಯಾದ 2009ರ ‘ಫ್ಯೂರಿ’ ಹಾಗೂ 2012ರ ‘ವೈಪ್‌ಔಟ್ 2048’ ಈ ಮೂರನ್ನೂ ಒಂದೇ ಡಿಸ್ಕಿಗೆ ತಂದರು. ಎರಡೂ ದಿಕ್ಕಿನಲ್ಲಿ ಓಡಿಸಬಹುದಾದ 26 ಓಟದ ಹಾದಿಗಳು ಮತ್ತು 46 ನೌಕೆಗಳು ಇದರಲ್ಲಿವೆ.

ಮೊದಲ ತಿಂಗಳು ನನಗೆ ಈ ಆಟ ಒಗ್ಗಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಪ್ರತಿ ತಿರುವಿನಲ್ಲೂ ಗೋಡೆಗೆ ಉಜ್ಜುತ್ತಿದ್ದೆ, ಪ್ರತಿ ಪಂದ್ಯದಲ್ಲೂ ಏಳನೆಯವನೋ ಎಂಟನೆಯವನೋ ಆಗಿ ಮುಗಿಸುತ್ತಿದ್ದೆ. ಕಾರಿನ ಆಟಗಳಲ್ಲಿ ಪಳಗಿದ ಕೈ ತಿರುವು ಬಂದಕೂಡಲೇ ಬ್ರೇಕನ್ನು ಹುಡುಕುತ್ತದೆ. ಇಲ್ಲಿ ಆ ಬಗೆಯ ಬ್ರೇಕು ಇಲ್ಲ; ಎಡಕ್ಕೊಂದು ಬಲಕ್ಕೊಂದು ಏರ್‌ಬ್ರೇಕ್ ಇದೆ, ಎಡದ್ದನ್ನು ಒತ್ತಿದರೆ ನೌಕೆಯ ಎಡಭಾಗ ಮಾತ್ರ ಗಾಳಿಗೆ ತಡೆಯೊಡ್ಡಿ ಮೂತಿ ಎಡಕ್ಕೆ ತಿರುಗುತ್ತದೆ. ಚಿಕ್ಕಂದಿನಲ್ಲಿ ಅಜ್ಜನ ಊರಿನಲ್ಲಿ ಚಕ್ಕಡಿ ಹೊಡೆದವನಿಗೆ ಇದು ಹೊಸದೇನೂ ಆಗಬಾರದಿತ್ತು. ಎಡಗೈಯ ಹಗ್ಗವನ್ನು ಜಗ್ಗಿದರೆ ಎಡದ ಎತ್ತು ಹಿಡಿತಕ್ಕೆ ಬಂದು ಬಂಡಿ ಎಡಕ್ಕೆ ಹೊರಳುತ್ತದೆ, ಬಲದ ಎತ್ತು ತನ್ನ ನಡಿಗೆಯನ್ನು ಬಿಡುವುದಿಲ್ಲ. ಈ ಹೋಲಿಕೆ ತಲೆಗೆ ಹೊಳೆದ ದಿನದಿಂದ ನನ್ನ ಬೆರಳುಗಳು ಸರಿಯಾದವು. ಏರ್‌ಬ್ರೇಕನ್ನು ಬೇಗ ಬೇಗನೆ ಎರಡು ಸಲ ತಟ್ಟಿದರೆ ನೌಕೆ ತಿರುಗದೆ ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ ಎಂಬುದನ್ನು ಕಲಿಯಲು ಇನ್ನೂ ಕೆಲವು ವಾರ ಹಿಡಿಯಿತು.

ಎಲ್ಲಕ್ಕಿಂತ ದೊಡ್ಡ ಗುಟ್ಟನ್ನು ತಿಳಿಸಿದವನು ನನ್ನ ಅಕ್ಕನ ಮಗ. ಆಗ ಅವನು ಎಂಟನೆಯ ತರಗತಿಯಲ್ಲಿದ್ದ. ಬೇಸಿಗೆ ರಜೆಗೆ ಬಂದವನು ನಾನು ಆಡುವುದನ್ನು ಒಂದು ಮಧ್ಯಾಹ್ನವೆಲ್ಲ ಸುಮ್ಮನೆ ಕುಳಿತು ನೋಡಿ, “ಮಾಮಾ, ಗಾಳಿಯಾಗ ಇದ್ದಾಗ ಕಡ್ಡಿ ಎಡಕ್ಕ, ಬಲಕ್ಕ, ಮತ್ತ ಎಡಕ್ಕ ತಿರುವ್ರಿ, ಇಳದ ಕೂಡ್ಲೇ ಹೆಂಗ ಜಿಗೀತೈತಿ ನೋಡ್ರಿ” ಎಂದ. ಇದಕ್ಕೆ ಬ್ಯಾರಲ್ ರೋಲ್ ಎನ್ನುತ್ತಾರೆ. ನೌಕೆ ಗಾಳಿಯಲ್ಲಿ ಒಂದು ಪೂರ್ತಿ ಸುತ್ತು ಉರುಳಿ ನೆಲದತ್ತ ಇಳಿದಾಗ ಹೆಚ್ಚುವರಿ ವೇಗ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ರಕ್ಷಾಕವಚದ ಶಕ್ತಿ ಸ್ವಲ್ಪ ಕಡಿತವಾಗುತ್ತದೆ. 2005ರಲ್ಲಿ ಸೋನಿಯ ಕೈಯಲ್ಲಿ ಹಿಡಿದಾಡುವ ಯಂತ್ರವಾದ ಪಿಎಸ್‌ಪಿಗೆ ಬಂದ ‘ವೈಪ್‌ಔಟ್ ಪ್ಯೂರ್’ನಿಂದ ಶುರುವಾದ ತಂತ್ರವಿದು. ಮೇಲ್ನೋಟಕ್ಕೆ ಕಸರತ್ತಿನಂತೆ ಕಂಡರೂ ಆಟದ ಲೆಕ್ಕಾಚಾರವೆಲ್ಲ ನಿಂತಿರುವುದು ಇದರ ಮೇಲೆಯೇ. ದಾರಿಯಲ್ಲಿ ಸಿಕ್ಕ ಆಯುಧವನ್ನು ಎದುರಾಳಿಯ ಮೇಲೆ ಪ್ರಯೋಗಿಸಬಹುದು, ಇಲ್ಲವೇ ಅದನ್ನು ಹೀರಿಕೊಂಡು ಕವಚದ ಶಕ್ತಿಯನ್ನಾಗಿ ಮಾಡಿಕೊಳ್ಳಬಹುದು. ಆ ಶಕ್ತಿಯನ್ನು ಮುಂದಿನ ಏರಿನಲ್ಲಿ ಉರುಳುವುದಕ್ಕೆ ಖರ್ಚು ಮಾಡಬಹುದು. ಹೀಗೆ ಒಂದು ಕ್ಷಿಪಣಿ ಕೈಗೆ ಬಂದರೆ ಅದು ಹೊಡೆಯುವ ವಸ್ತುವೋ ವೇಗವೋ ಎಂಬುದನ್ನು ಅರ್ಧ ಕ್ಷಣದಲ್ಲಿ ತೀರ್ಮಾನಿಸಬೇಕು. ಇದು ತಿಳಿಯುವ ಮೊದಲು ನಾನು ಸಿಕ್ಕ ಆಯುಧಗಳನ್ನೆಲ್ಲ ಹಾರಿಸಿ ಕೈ ಬರಿದು ಮಾಡಿಕೊಳ್ಳುತ್ತಿದ್ದೆ. ಹೊರಡುವ ಗಳಿಗೆಯಲ್ಲೂ ಒಂದು ಗುಟ್ಟಿದೆ: ಎಣಿಕೆ ಮುಗಿಯುವ ಕ್ಷಣಕ್ಕೆ ಎಂಜಿನ್ನಿನ ಒತ್ತಡವನ್ನು ಸರಿಯಾದ ಮಟ್ಟದಲ್ಲಿ ಹಿಡಿದಿಟ್ಟಿದ್ದರೆ ನೌಕೆ ಬಾಣದಂತೆ ಹೊರಡುತ್ತದೆ.

ಈ ಹೀರಿಕೊಳ್ಳುವ ಪದ್ಧತಿಗೂ ಒಂದು ಚರಿತ್ರೆ ಇದೆ, ಅದು ನನಗೆ ಬಹಳ ಹಿಡಿಸಿತು. 1995ರ ಮೊದಲ ಆಟದಲ್ಲಿ ನೌಕೆ ನಾಶವಾಗುತ್ತಲೇ ಇರಲಿಲ್ಲ, ಆದರೆ ಗೋಡೆಗೆ ತಾಗಿದರೆ ನಿಂತೇಬಿಡುತ್ತಿತ್ತು. 1996ರ ‘ವೈಪ್‌ಔಟ್ 2097’ರಲ್ಲಿ ಗೋಡೆಯ ಶಿಕ್ಷೆಯನ್ನು ಕಡಿಮೆ ಮಾಡಿ, ಪ್ರತಿಯಾಗಿ ಪೆಟ್ಟಿನ ಲೆಕ್ಕವನ್ನು ತಂದರು, ಪೆಟ್ಟು ಹೆಚ್ಚಾದರೆ ಪಕ್ಕದ ಪಿಟ್ ದಾರಿಗೆ ಹೊರಳಿ ಶಕ್ತಿ ತುಂಬಿಕೊಳ್ಳಬೇಕಿತ್ತು. ಪಿಟ್ ದಾರಿ ಹೋಗಿ ಹೀರಿಕೊಳ್ಳುವುದು ಬಂದದ್ದು ‘ಪ್ಯೂರ್’ ಕಾಲದಲ್ಲಿ. ಇವತ್ತು ಒಂದು ಗುಂಡಿ ಒತ್ತಿ ನಾವು ಮಾಡುವ ಕೆಲಸದ ಹಿಂದೆ ಇಷ್ಟೊಂದು ತಿದ್ದುಪಡಿಗಳಿವೆ ಎಂಬುದು ತಿಳಿದ ಮೇಲೆ ಆ ಗುಂಡಿಯ ಬಗ್ಗೆಯೇ ಗೌರವ ಹೆಚ್ಚಾಯಿತು.

ಎರಡನೆಯ ವರ್ಷದಿಂದ ನನ್ನ ಗಮನ ಹೆಸರುಗಳ ಕಡೆಗೆ ತಿರುಗಿತು. ಪಂದ್ಯದ ವೇಗದಲ್ಲಿ ಯಾರೂ ಓದಲಾರದ ಫಲಕಗಳಿಗೂ ಲಾಂಛನಗಳಿಗೂ ಇಷ್ಟು ಶ್ರಮ ಹಾಕಿದ ಆಟವನ್ನು ನಾನು ಬೇರೆ ಕಂಡಿಲ್ಲ. ಈ ಸಂಪ್ರದಾಯದ ಬುನಾದಿ ಹಾಕಿದವರು ಶೆಫೀಲ್ಡ್‌ನ ದಿ ಡಿಸೈನರ್ಸ್ ರಿಪಬ್ಲಿಕ್ ಎಂಬ ವಿನ್ಯಾಸ ಸಂಸ್ಥೆಯವರು. ಮೊದಲಿನ ಆಟಗಳ ಅಕ್ಷರಗಳು, ತಂಡಗಳ ಗುರುತುಗಳು ಅವರ ಕೈಯಲ್ಲೇ ರೂಪುಗೊಂಡವು. ಹೊಸಬರೆಲ್ಲರೂ ಮೊದಲು ಹತ್ತುವ ‘ಫೈಸಾರ್’ ನೌಕೆಯ ಹೆಸರು ಒಂದು ಸಂಕ್ಷೇಪ: ಫೆಡರಲ್ ಯುರೋಪಿಯನ್ ಇಂಡಸ್ಟ್ರಿಯಲ್ ಸೈನ್ಸ್ ಅಂಡ್ ರಿಸರ್ಚ್. ‘ಹರಿಮಾವ್’ ಮಲಯ ಭಾಷೆಯಲ್ಲಿ ಹುಲಿ, ತಂಡವೂ ಮಲೇಷ್ಯಾದ್ದು. ‘ಅಸೆಗಾಯ್’ ಆಫ್ರಿಕಾದ ದಕ್ಷಿಣ ಭಾಗದ ಯೋಧರ ಭರ್ಜಿ. ‘ಟ್ರಯಾಕಿಸ್’ ಶಾರ್ಕ್ ಮೀನುಗಳ ಒಂದು ಕುಲದ ವೈಜ್ಞಾನಿಕ ಹೆಸರು. ‘ಇಕಾರಸ್’ ಎಂಬಲ್ಲಿ ಇಂಗ್ಲಿಷ್ ಕಾಗುಣಿತದ ಒಂದಕ್ಷರ ಬದಲಾಗಿದ್ದರೂ, ಸೂರ್ಯನ ಹತ್ತಿರ ಹಾರಿ ಮೇಣದ ರೆಕ್ಕೆ ಕರಗಿ ಬಿದ್ದ ಗ್ರೀಕ್ ಪುರಾಣದ ಹುಡುಗ ಅದರಲ್ಲಿದ್ದಾನೆ. ಅದಕ್ಕೆ ತಕ್ಕಂತೆ ಆ ನೌಕೆಗೆ ವೇಗ ಹೆಚ್ಚು, ಕವಚ ತೆಳು.

ಕಾಲಗಣನೆಯ ಸಂಗತಿ ಇನ್ನೂ ಸ್ವಾರಸ್ಯಕರ. ಮೊದಲ ಆಟದ ಕಥೆ ನಡೆಯುವುದು 2052ರಲ್ಲಿ, ಎರಡನೆಯದು ಹೆಸರೇ ಹೇಳುವಂತೆ 2097ರಲ್ಲಿ. ಸ್ಟುಡಿಯೋ ಮುಚ್ಚುವ ವರ್ಷ ಬಂದ ‘2048’ ಇವೆಲ್ಲಕ್ಕಿಂತ ಹಿಂದಿನ ಕಾಲದ್ದು. ಅಂದರೆ ಕಟ್ಟಿದವರ ಪಾಲಿಗೆ ಕೊನೆಯದಾದದ್ದು ಕಥೆಯ ಪಾಲಿಗೆ ಮೊದಲನೆಯದು. ಪಂದ್ಯಕ್ಕೆಂದೇ ಕಟ್ಟಿದ ಹಾದಿಗಳು ಆಗಿನ್ನೂ ಬಂದಿಲ್ಲ, ಆದ್ದರಿಂದ ‘2048’ರ ಓಟ ನಗರದ ನಡುವೆ, ಜನ ಓಡಾಡುವ ಬೀದಿ ಮತ್ತು ಸೇತುವೆಗಳ ಮೇಲೆ ನಡೆಯುತ್ತದೆ. ಒಂದೇ ಡಿಸ್ಕಿನಲ್ಲಿ ಅದನ್ನು ಆಡಿ, ತಕ್ಷಣ ‘ಎಚ್‌ಡಿ’ ಭಾಗದ ನುಣುಪಾದ ಹಾದಿಗೆ ಬಂದರೆ, ನಡುವೆ ಒಂದೂವರೆ ಶತಮಾನ ಕಳೆದಿರುವುದು ಕಣ್ಣಿಗೆ ಕಾಣುತ್ತದೆ. ತಂಡಗಳ ಹೆಸರಿನಲ್ಲೂ ಈ ಅಂತರವನ್ನು ಬಿಟ್ಟಿದ್ದಾರೆ: 1996ರ ಆಟದಲ್ಲಿ ಬಚ್ಚಿಟ್ಟ ತಂಡವಾಗಿದ್ದ ‘ಪಿರಾನಾ’ದ ಹೆಸರನ್ನು ‘2048’ರಲ್ಲಿ ನಡುವೆ ಅಡ್ಡಗೆರೆ ಹಾಕಿ, ಅಕ್ಷರಗಳ ಸ್ಥಾನ ಬದಲಿಸಿ ಬರೆಯಲಾಗಿದೆ. ನಾನು ಅದನ್ನು ಅಚ್ಚಿನ ತಪ್ಪು ಎಂದುಕೊಂಡು ಮೂರು ವರ್ಷ ಕಳೆದಿದ್ದೆ.

‘ವಿನೆಟಾ ಕೆ’ ಎಂಬ ಹಾದಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕಡಲ ದಂಡೆಯಲ್ಲಿ ಶುರುವಾಗುವ ಈ ಹಾದಿ ಒಂದು ಹಂತದಲ್ಲಿ ನೀರಿನೊಳಗೆ ಇಳಿದು ಗಾಜಿನ ಸುರಂಗದಲ್ಲಿ ಸಾಗುತ್ತದೆ. ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿಹೋಯಿತೆಂದು ದಂತಕಥೆಗಳು ಹೇಳುವ ಪಟ್ಟಣದ ಹೆಸರು ವಿನೆಟಾ. ನೀರಿನ ಕೆಳಗೆ ಹೋಗುವ ಹಾದಿಗೆ ಆ ಹೆಸರು ಬಂದದ್ದು ಆಕಸ್ಮಿಕವೆಂದು ನಾನು ನಂಬುವುದಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆಯನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದ ಕುಟುಂಬ ನಮ್ಮದು. ಈ ಅರ್ಥವನ್ನು ತಿಳಿದ ದಿನ ಸಂಜೆ ಅಪ್ಪನನ್ನು ಕರೆದು ಕೂರಿಸಿ, ನೌಕೆಯನ್ನು ಅತ್ಯಂತ ನಿಧಾನವಾಗಿ ಓಡಿಸುತ್ತ ಆ ಸುರಂಗವನ್ನು ತೋರಿಸಿದೆ. ಆಟಗಳ ಬಗ್ಗೆ ಎಂದೂ ಆಸಕ್ತಿ ತೋರದ ಅವರು, “ಇನ್ನೊಮ್ಮೆ ಅಲ್ಲೇ ಹೋಗು” ಎಂದರು. ಎದುರಾಳಿಗಳಿಲ್ಲದ ಸಮಯ ಓಟದಲ್ಲಿ ಆ ದಿನ ಹತ್ತು ಸುತ್ತಾದರೂ ಹೋಗಿರಬೇಕು.

ತಾಂತ್ರಿಕವಾಗಿ ನನ್ನನ್ನು ಬೆರಗುಗೊಳಿಸಿದ ಸಂಶೋಧನೆಯೂ ಒಂದಿದೆ. ಪ್ಲೇಸ್ಟೇಷನ್ 3ರಲ್ಲಿ ‘ಎಚ್‌ಡಿ’ ಸೆಕೆಂಡಿಗೆ 60 ಚಿತ್ರಗಳನ್ನು 1080ಪಿಯಲ್ಲಿ, ಅಂದರೆ ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕೆಗಳಲ್ಲಿ, ತೋರಿಸುತ್ತಿತ್ತು. ಆ ಯಂತ್ರದ ಶಕ್ತಿಗೆ ಇದು ಹೇಗೆ ಸಾಧ್ಯವೆಂದು ಚಿತ್ರಗಳನ್ನು ಅಳೆದು ನೋಡಿದವರಿಗೆ ಕಂಡದ್ದು, ಪರದೆಯ ಮೇಲೆ ಗದ್ದಲ ಹೆಚ್ಚಾದಾಗ ಆಟವು ಅಡ್ಡಳತೆಯನ್ನು 1920ರಿಂದ 1280ರ ವರೆಗೆ ಸದ್ದಿಲ್ಲದೆ ಇಳಿಸಿ ಮತ್ತೆ ಏರಿಸುತ್ತದೆ ಎಂಬುದು. ಎತ್ತರವನ್ನು ಮುಟ್ಟುವುದಿಲ್ಲ, ವೇಗವನ್ನು ಬಿಟ್ಟುಕೊಡುವುದಿಲ್ಲ. ಓಡುವವನ ಕಣ್ಣು ಎಲ್ಲಿರುತ್ತದೆ, ಎಲ್ಲಿರುವುದಿಲ್ಲ ಎಂಬುದನ್ನು ತಿಳಿದವರು ಮಾತ್ರ ಇಂಥ ಉಪಾಯವನ್ನು ಮಾಡಬಲ್ಲರು. ಪ್ಲೇಸ್ಟೇಷನ್ 4ರಲ್ಲಿ ಚಿತ್ರ ಇನ್ನೂ ಹರಿತವಾಗಿದೆ. 2018ರ ಮಾರ್ಚ್‌ನಲ್ಲಿ, ಆಟದೊಳಗೇ ಇದ್ದಂತೆ ತೋರಿಸುವ ವಿಆರ್ ಕನ್ನಡಕದ ಸೌಲಭ್ಯವನ್ನೂ ಉಚಿತವಾಗಿ ಸೇರಿಸಿದರು. ಗೆಳೆಯನ ಮನೆಯಲ್ಲಿ ಒಮ್ಮೆ ಹಾಕಿಕೊಂಡು ನೋಡಿದ್ದೇನೆ, ಹತ್ತು ನಿಮಿಷಕ್ಕೆ ತಲೆ ಸುತ್ತಿತು, ಆಮೇಲೆ ಆ ಕಡೆ ಹೋಗಲಿಲ್ಲ.

ನಾನು ಅತಿ ಹೆಚ್ಚು ಗಂಟೆಗಳನ್ನು ಕಳೆದದ್ದು ‘ಝೋನ್’ ಎಂಬ ವಿಧಾನದಲ್ಲಿ. ಎದುರಾಳಿಗಳಿಲ್ಲ, ಆಯುಧಗಳಿಲ್ಲ, ನೌಕೆ ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ, ನಮ್ಮ ಕೈಯಲ್ಲಿರುವುದು ದಿಕ್ಕು ಮಾತ್ರ. ದಿನದ ಕೆಲಸ ಮುಗಿಸಿ ಬಂದವನಿಗೆ ಹದಿನೈದು ನಿಮಿಷದ ಇಂಥ ಏಕಾಗ್ರತೆ ಬೇರೆಲ್ಲೂ ಸಿಗಲಿಲ್ಲ.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಹೊಸಬರಿಗೆ ಹೇಳಿಕೊಡುವ ವ್ಯವಸ್ಥೆ ಬಹಳ ಬಡವಾಗಿದೆ. ಗೋಡೆಯಿಂದ ದೂರ ತಳ್ಳುವ ಪೈಲಟ್ ಅಸಿಸ್ಟ್ ಆರಂಭದಲ್ಲಿ ನೆರವಾದರೂ ತಂತ್ರಗಳನ್ನು ಅದು ಕಲಿಸುವುದಿಲ್ಲ. ಪರದೆಯ ಮೇಲಿನ ಅಕ್ಷರಗಳು ಚಿಕ್ಕವು. ಅಂತರ್ಜಾಲದಲ್ಲಿ ಎಂಟು ಜನ ಸೇರಿ ಆಡಬಹುದಾದರೂ, ಈಗ ನಾನು ಕುಳಿತುಕೊಳ್ಳುವ ಹೊತ್ತಿಗೆ ಜೊತೆಗಾರರು ಸಿಗುವುದೇ ಅಪರೂಪ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬರುವುದರಿಂದ ದೀರ್ಘ ಪಂದ್ಯಾವಳಿಗಳು ಅರ್ಧಕ್ಕೇ ಕಡಿದುಹೋಗಿವೆ. ಯುಪಿಎಸ್ ಹಾಕಿಸಿದ ಮೇಲೆ ಆ ತೊಂದರೆ ತಪ್ಪಿತು. ಇನ್ನೊಂದು ಮಾತು ಆರೋಗ್ಯಕ್ಕೆ ಸಂಬಂಧಿಸಿದ್ದು. ಮೂಲ ‘ಎಚ್‌ಡಿ’ ಆಟವೇ ಮಿನುಗುವ ಬೆಳಕಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ತಿದ್ದಿದ ನಂತರ ತಡವಾಗಿ ಬಿಡುಗಡೆಯಾಯಿತು. ತಿದ್ದಿದ್ದಾರೆಂಬುದು ನಿಜವಾದರೂ, ಝೋನ್ ವಿಧಾನದ ಬಣ್ಣಗಳು ಇಂದಿಗೂ ತೀಕ್ಷ್ಣವಾಗಿವೆ. ಮನೆಯಲ್ಲಿ ಮೂರ್ಛೆರೋಗದ ತೊಂದರೆ ಇರುವವರಿದ್ದರೆ ಅವರ ಮುಂದೆ ಇದನ್ನು ಹಚ್ಚಬಾರದು.

ಇಬ್ಬರು ಒಂದೇ ಟಿವಿಯಲ್ಲಿ ಪರದೆಯನ್ನು ಎರಡು ಮಾಡಿಕೊಂಡು ಆಡುವ ಸೌಲಭ್ಯ ನಮ್ಮ ಮನೆಯಲ್ಲಿ ಹೆಚ್ಚು ಬಳಕೆಯಾಗಿದೆ. ಅಕ್ಕನ ಮಗ ಈಗ ಕಾಲೇಜಿಗೆ ಹೋಗುತ್ತಾನೆ, ಹಬ್ಬಕ್ಕೆ ಬಂದಾಗಲೆಲ್ಲ ಸೆಬೆಂಕೊ ಕ್ಲೈಂಬ್ ಹಾದಿಯ ಗುಡ್ಡದ ತಿರುವಿನಲ್ಲಿ ನನ್ನನ್ನು ಹಿಂದೆ ಹಾಕುತ್ತಾನೆ.

ಇಂದು ಕೊಳ್ಳುವವರು ಗಮನಿಸಬೇಕಾದದ್ದು ಇಷ್ಟು. ಪ್ಲೇಸ್ಟೇಷನ್ 5ರಲ್ಲಿ ಈ ಡಿಸ್ಕು ಓಡುತ್ತದೆ, ಆದರೆ ಡಿಸ್ಕ್ ಹಾಕುವ ಸೌಕರ್ಯವಿರುವ ಯಂತ್ರವೇ ಬೇಕು. ವಿಆರ್ ಭಾಗವು ಹಳೆಯ ಕನ್ನಡಕಕ್ಕೆ ಮಾತ್ರ ಹೊಂದುತ್ತದೆ, ಎರಡನೆಯ ತಲೆಮಾರಿನದಕ್ಕೆ ಹೊಂದುವುದಿಲ್ಲ. ಹಳೆಯ ಡಿಸ್ಕು ತೆಗೆದುಕೊಳ್ಳುವುದಾದರೆ ಅಂಗಡಿಯಲ್ಲೇ ಹಚ್ಚಿಸಿ, ಮೂರು ಭಾಗಗಳಿಂದಲೂ ಒಂದೊಂದು ಹಾದಿಯನ್ನು ತೆರೆದು ನೋಡಿಕೊಳ್ಳಿ. ಮನೆಗೆ ತಂದ ಮೇಲೆ ಮೊದಲ ವಾರ ಫೈಸಾರ್ ನೌಕೆಯನ್ನು ಬಿಟ್ಟು ಬೇರೆಯದನ್ನು ಮುಟ್ಟಬೇಡಿ, ‘ವೆನಮ್’ ಎಂಬ ಅತಿ ಕಡಿಮೆ ವೇಗದ ದರ್ಜೆಯಲ್ಲೇ ಎರಡೂ ಏರ್‌ಬ್ರೇಕ್‌ಗಳ ಮೇಲೆ ಬೆರಳು ಕೂರಿಸಿಕೊಳ್ಳಿ.