‘12–18 ತಿಂಗಳು’ ಅನ್ನೋ ಚೀಟಿ ನಂಬಿ ಮಗುವಿಗೆ ಬಟ್ಟೆ ತಗೋಬೇಡಿ

ಪುಟ್ಟ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಬಟ್ಟೆ ತರಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ನಾಮಕರಣ, ಹುಟ್ಟುಹಬ್ಬ, ಹಬ್ಬ ಅಂತ ಒಂದು ದಿನಕ್ಕೋಸ್ಕರ ಜಾಸ್ತಿ ದುಡ್ಡು ಕೊಡುವವರಿಗೆ. ಬಟ್ಟೆಯ ಮೇಲೆ ಬರೆದಿರುವ ತಿಂಗಳ ಲೆಕ್ಕ ನಂಬಿ ದುಡ್ಡು ಕಟ್ಟಬೇಡಿ. ಸೆಂಟಿಮೀಟರ್ ಅಳತೆ ಕೊಟ್ಟಿಲ್ಲ ಅಂದರೆ ಆ ಬಟ್ಟೆ ಬಿಟ್ಟುಬಿಡಿ. ‘ಬದಲಾಯಿಸಿ ಕೊಡುವುದಿಲ್ಲ’ ಅಂತಲೂ ಇದ್ದರೆ ಅದರ ತಂಟೆಗೇ ಹೋಗಬೇಡಿ.

ನಮಗೆ ಆಗಿದ್ದು ಹೇಳುತ್ತೇನೆ. ಮಗಳ ಮೊದಲ ಹುಟ್ಟುಹಬ್ಬಕ್ಕೆ ಜರಿ ಅಂಚಿನ ಲಂಗ ಬ್ಲೌಸ್, ನಾಲ್ಕು ವರ್ಷದ ಮಗನಿಗೆ ಅದೇ ಬಣ್ಣದ ಜುಬ್ಬಾ ಪೈಜಾಮ. ಅಣ್ಣ ತಂಗಿ ಸೆಟ್ ಅಂತ ಒಟ್ಟಿಗೆ ಆಫರ್‌ನಲ್ಲಿ ಮಾರುತ್ತಿದ್ದರು. ಮಗಳದ್ದಕ್ಕೆ 12–18 ತಿಂಗಳು, ಮಗನದ್ದಕ್ಕೆ 4–5 ವರ್ಷ ಅಂತ ಆರಿಸಿದೆವು. ಮಗಳು ದಪ್ಪವೂ ಅಲ್ಲ, ತೀರಾ ಸಣ್ಣವೂ ಅಲ್ಲ. ತೂಕ 9 ಕೆಜಿಗೆ ಒಂಚೂರು ಕಮ್ಮಿ, ಉದ್ದ 74 ಸೆಂ.ಮೀ. ಪುಟದಲ್ಲಿದ್ದ ಸೈಜ್ ಪಟ್ಟಿಯನ್ನೂ ನೋಡಿದ್ದೆ. ಬ್ಲೌಸಿನ ಎದೆ ಸುತ್ತಳತೆ 52 ಸೆಂ.ಮೀ. ಅಂತ ಇತ್ತು. ಮಗಳ ಎದೆ 45. ಒಳಗೊಂದು ಬನಿಯನ್ ಹಾಕಿದರೂ ಆರಾಮಾಗಿ ಕೂರಬೇಕು, ಅಲ್ವಾ?

ಬಂದ ಬ್ಲೌಸಿಗೆ ಮಗಳ ತೋಳು ತೂರಿಸುವುದೇ ಕಷ್ಟವಾಯಿತು. ಹಿಂದೆ ಹುಕ್ಕು ಹಾಕೋಣ ಅಂದರೆ ಎರಡು ಅಂಚೂ ಸೇರಲೇ ಇಲ್ಲ. ಮಗು ಅಳಲು ಶುರು ಮಾಡಿತು. ತೆಗೆದು ನೋಡಿದರೆ ಕಂಕುಳ ಹತ್ತಿರ ಜರಿ ಉಜ್ಜಿ ಕೆಂಪಗಾಗಿತ್ತು. ಬ್ಲೌಸನ್ನು ನೆಲದ ಮೇಲೆ ಹರವಿ ಟೇಪು ಹಿಡಿದೆ. ಒಂದು ಕಂಕುಳಿಂದ ಇನ್ನೊಂದಕ್ಕೆ 21 ಸೆಂ.ಮೀ. ಅಂದರೆ ಸುತ್ತಳತೆ 42. ಪಟ್ಟಿಯಲ್ಲಿ ಹೇಳಿದ್ದಕ್ಕಿಂತ 10 ಸೆಂ.ಮೀ. ಕಮ್ಮಿ. ಅದೇ ಸೆಟ್ಟಿನ ಲಂಗ ಮಾತ್ರ ಎಷ್ಟು ಉದ್ದ ಇತ್ತೆಂದರೆ, ಕುರ್ಚಿ ಹಿಡಿದು ನಿಂತ ಮಗು ಅದನ್ನೇ ಮೆಟ್ಟಿ ಮುಗ್ಗರಿಸಿತು. ಸೊಂಟದ ಎಲಾಸ್ಟಿಕ್ ನಿಲ್ಲುತ್ತಲೂ ಇರಲಿಲ್ಲ. ಬ್ಲೌಸ್ ಒಂದು ಮಗುವಿಗೆ, ಲಂಗ ಇನ್ನೊಂದು ಮಗುವಿಗೆ ಹೊಲಿದ ಹಾಗಿತ್ತು. ಮಗನ ಜುಬ್ಬಾದ ತೋಳು ಬೆರಳು ಮುಚ್ಚುವಷ್ಟು ಉದ್ದ. ಆದರೆ ಕೊರಳು ಕಿವಿಯಿಂದ ಕೆಳಗೆ ಇಳಿಯಲಿಲ್ಲ.

ನಮ್ಮ ಬೀದಿಯ ಟೈಲರ್ ಹತ್ತಿರ ತಗೊಂಡು ಹೋದೆ. ಅವರು ಪಕ್ಕದ ಹೊಲಿಗೆ ತಿರುಗಿಸಿ ತೋರಿಸಿದರು. ಬಿಚ್ಚಿ ಅಗಲ ಮಾಡೋಣ ಅಂದರೆ ಒಳಗೆ ಬಟ್ಟೆಯೇ ಬಿಟ್ಟಿರಲಿಲ್ಲ. “ಇದನ್ನ ಏನೂ ಮಾಡಕ್ಕಾಗಲ್ಲ ಕಣಮ್ಮ, ಅಂಚಲ್ಲೇ ಓವರ್‌ಲಾಕ್ ಹೊಡ್ದಿದಾರೆ” ಅಂದರು. ಮೊದಲೆಲ್ಲ ಹೆಣ್ಣುಮಕ್ಕಳ ಲಂಗಕ್ಕೆ ಕೆಳಗೆ ಒಂದೆರಡು ಮಡಿಕೆ ಹಾಕಿ ಹೊಲಿಯುತ್ತಿದ್ದರು. ಮಗು ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಆಯ್ತು. ಬ್ಲೌಸಿಗೂ ಪಕ್ಕದಲ್ಲಿ ಬಟ್ಟೆ ಬಿಡುತ್ತಿದ್ದರು. ಸಿದ್ಧ ಉಡುಪಿನಲ್ಲಿ ಆ ಬಟ್ಟೆಯನ್ನೂ ಉಳಿಸಿಕೊಂಡುಬಿಡುತ್ತಾರೆ. ಹಾಗಾಗಿ ಸೈಜ್ ತಪ್ಪಿದರೆ ಸರಿಪಡಿಸುವ ದಾರಿಯೇ ಇರುವುದಿಲ್ಲ.

ಮಾರಿದವರಿಗೆ ಬರೆದರೆ ಬಂದ ಉತ್ತರ: ಆಫರ್‌ನಲ್ಲಿ ಕೊಂಡ ಸೆಟ್ ಬದಲಾಯಿಸಲು ಆಗುವುದಿಲ್ಲ, ಟ್ಯಾಗ್‌ನಲ್ಲಿ ಇರುವ ಸೈಜೇ ಕಳಿಸಿದ್ದೇವೆ. ಟೇಪು ಇಟ್ಟು ತೆಗೆದ ಫೋಟೋ ಕಳಿಸಿದೆ. ‘ಅಳತೆಯಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಸಹಜ’ ಅಂದರು. 10 ಸೆಂ.ಮೀ. ಸ್ವಲ್ಪ ಹೇಗೆ ಆಗುತ್ತದೆ? ಮಕ್ಕಳ ಬಟ್ಟೆಯಲ್ಲಿ ಒಂದು ಸೈಜಿಗೂ ಮುಂದಿನ ಸೈಜಿಗೂ ಎದೆಯಲ್ಲಿ ಸಾಮಾನ್ಯವಾಗಿ ಇರುವ ಅಂತರವೇ ಎರಡು ಮೂರು ಸೆಂ.ಮೀ. ನನಗೆ ಸಿಟ್ಟು ಬಂದಿದ್ದು ದುಡ್ಡಿಗಿಂತ ಈ ಮಾತಿಗೆ. ಇಷ್ಟರ ಮೇಲೆ, ನಮ್ಮ ಅಕ್ಕ ಉಡುಗೊರೆ ಕೊಟ್ಟಿದ್ದ ಫ್ರಾಕ್ ಕೂಡ ಅವರದೇ ಬ್ರ್ಯಾಂಡ್. ಅದರ ಮೇಲೂ 12–18 ತಿಂಗಳು ಅಂತಲೇ ಇದೆ. ಅಳೆದರೆ ಸುತ್ತಳತೆ 54. ಒಂದೇ ಕಂಪನಿ, ಒಂದೇ ಟ್ಯಾಗು, ಒಂದು 42, ಇನ್ನೊಂದು 54.

ಯಾಕೆ ಹೀಗಾಗುತ್ತದೆ ಅಂತ ಹುಡುಕಿ ಓದಿದಾಗ ಗೊತ್ತಾಗಿದ್ದನ್ನೂ ಹೇಳುತ್ತೇನೆ. ಅದು ಗೊತ್ತಿದ್ದರೆ ಮೋಸ ಹೋಗುವುದು ಕಮ್ಮಿ ಆಗುತ್ತದೆ.

ಮೊದಲನೆಯದಾಗಿ, ವಯಸ್ಸು ಒಂದು ಅಳತೆಯೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಬೆಳವಣಿಗೆಯ ಮಾನದಂಡ ಪ್ರಕಟಿಸಿತು. ಅದಕ್ಕೆ ಅಳತೆ ತೆಗೆದುಕೊಂಡ ಆರು ದೇಶಗಳಲ್ಲಿ ಭಾರತವೂ ಒಂದು. ಅದರ ಪ್ರಕಾರ ಒಂದು ವರ್ಷದ ಗಂಡು ಮಗುವಿನ ನಡುಮಟ್ಟದ ತೂಕ 9.6 ಕೆಜಿ. ಆದರೆ 8 ಕೆಜಿ ಇರುವ ಮಗುವೂ ಸರಿಯಾಗಿಯೇ ಬೆಳೆಯುತ್ತಿರಬಹುದು, 11 ಕೆಜಿ ಇರುವ ಮಗುವೂ ಸರಿಯಾಗಿಯೇ ಇರಬಹುದು. ಈ ಇಬ್ಬರಿಗೂ ‘12 ತಿಂಗಳು’ ಅಂತ ಒಂದೇ ಬನಿಯನ್ ಕೊಟ್ಟರೆ ಇಬ್ಬರಲ್ಲಿ ಒಬ್ಬರಿಗಂತೂ ಆಗುವುದಿಲ್ಲ. ‘12 ತಿಂಗಳು’ ಅಂದರೇನು ಅನ್ನುವುದರಲ್ಲೂ ಒಮ್ಮತ ಇಲ್ಲ. ಕೆಲವರಿಗೆ ಅದು 12 ತಿಂಗಳು ತುಂಬುವವರೆಗೆ. ಇನ್ನು ಕೆಲವರಿಗೆ 12ರಿಂದ ಶುರು.

ಅಂಗಡಿಗಳಲ್ಲಿ 16, 18, 20, 22 ಅಂತ ಹೇಳುವ ನಂಬರುಗಳದ್ದು ಇನ್ನೊಂದು ಕಥೆ. ಒಬ್ಬರು ಅದನ್ನು ಫ್ರಾಕಿನ ಉದ್ದದ ಇಂಚು ಅನ್ನುತ್ತಾರೆ, ಇನ್ನೊಬ್ಬರು ಎದೆಯ ಇಂಚು ಅನ್ನುತ್ತಾರೆ. “ಒಂದು ವರ್ಷಕ್ಕೆ 18 ಕೊಡಿ” ಅಂತ ಕೇಳಿ ತಂದುಬಿಟ್ಟರೆ ಆಗುವುದೂ ಉಂಟು, ಆಗದೇ ಇರುವುದೂ ಉಂಟು.

ಬೆಂಗಳೂರಿನಲ್ಲಿ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಬಟ್ಟೆ ತಗೊಳ್ಳುವವರು ಇದನ್ನು ಗಮನಿಸಿ. ಇಲ್ಲಿನ ಗಾರ್ಮೆಂಟ್ಸ್‌ಗಳಲ್ಲಿ, ತಮಿಳುನಾಡಿನ ತಿರುಪ್ಪೂರಿನಲ್ಲಿ ಬೇರೆ ಬೇರೆ ದೇಶಗಳಿಗೆ ಹೊಲಿದು ಉಳಿದ ಮಾಲು ಒಂದೇ ರಾಶಿಯಲ್ಲಿ ಬಂದು ಬೀಳುತ್ತದೆ. ಅದರಲ್ಲಿ 74, 80, 86 ಅಂತ ಇದ್ದರೆ ಅದು ಯುರೋಪಿನ ಲೆಕ್ಕ. ಆ ಸಂಖ್ಯೆ ಮಗುವಿನ ಎತ್ತರ, ಸೆಂಟಿಮೀಟರ್‌ನಲ್ಲಿ. ನನ್ನ ಮಟ್ಟಿಗೆ ನಂಬಬಹುದಾದ ಲೆಕ್ಕ ಇದೊಂದೇ. ಜರ್ಮನಿಯಲ್ಲಿರುವ ನನ್ನ ನಾದಿನಿ 80 ಅಂತ ಇದ್ದ ಪೈಜಾಮ ಕಳಿಸಿದ್ದಳು, ಮಗಳು ಅಷ್ಟೆತ್ತರ ಬಂದಾಗ ಸರಿಯಾಗಿ ಹೊಂದಿತು. 2ಟಿ, 3ಟಿ ಅಂತ ಇದ್ದರೆ ಅಮೆರಿಕದ್ದು. ಅಲ್ಲಿನ ಮಕ್ಕಳ ರಾತ್ರಿ ಉಡುಪು ಎಷ್ಟೋ ಸಲ ಮೈಗೆ ಅಂಟಿದ ಹಾಗೆ ಬಿಗಿಯಾಗಿ ಇರುತ್ತದೆ. 9 ತಿಂಗಳ ಸೈಜಿಗಿಂತ ದೊಡ್ಡ ಮಕ್ಕಳ ರಾತ್ರಿ ಉಡುಪು ಒಂದೋ ಸುಲಭವಾಗಿ ಬೆಂಕಿ ಹಿಡಿಯದ ಬಟ್ಟೆಯದಾಗಿರಬೇಕು, ಇಲ್ಲವೇ ಮೈಗೆ ಬಿಗಿಯಾಗಿ ಕೂರಬೇಕು ಅಂತ ಅಲ್ಲಿ ಕಾನೂನು ಇದೆ. ಅದು ಇಲ್ಲಿ ಮಾರುವವರಿಗೂ ಗೊತ್ತಿರುವುದಿಲ್ಲ. ನಮ್ಮ ಸೆಕೆಗೆ ಸಡಿಲವಾಗಿರಲಿ ಅಂತ ಕೊಂಡವರು ಸೈಜೇ ತಪ್ಪು ಅಂದುಕೊಳ್ಳುತ್ತಾರೆ.

ನಮ್ಮ ದೇಶದ್ದೇ ಒಂದು ಲೆಕ್ಕ ಬೇಡವೇ ಅಂತ ಕೇಳಬಹುದು. ಬೇಕು. ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್ ‘ಇಂಡಿಯಾ ಸೈಜ್’ ಅನ್ನುವ ಯೋಜನೆ ಕೈಗೆತ್ತಿಕೊಂಡಿತು. ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25,000 ಜನರ ಮೈ ಅಳತೆಯನ್ನು ತ್ರೀಡಿ ಸ್ಕ್ಯಾನರ್‌ನಲ್ಲಿ ತೆಗೆಯುವ ಯೋಜನೆ. ಒಳ್ಳೆಯ ಕೆಲಸವೇ. ಆದರೆ ಅದು 15ರಿಂದ 65 ವರ್ಷದವರಿಗೆ. ಕೆಲವೇ ತಿಂಗಳಲ್ಲಿ ಸೈಜ್ ಬದಲಾಗುವ ಎಳೆ ಮಕ್ಕಳು ಆ ಲೆಕ್ಕದಲ್ಲೇ ಇಲ್ಲ. ಇದು ನನಗೆ ತುಂಬಾ ಬೇಜಾರು ತಂದ ಸಂಗತಿ. ದೊಡ್ಡವರು ಬಿಗಿ ಅಂತ ಬಾಯಿಬಿಟ್ಟು ಹೇಳಬಹುದು. ಮಗು ಅಳಬಹುದು ಅಷ್ಟೇ, ಅದನ್ನು ನಾವು ಹಸಿವು, ನಿದ್ದೆ ಅಂದುಕೊಳ್ಳುತ್ತೇವೆ.

ಆದರೂ ಕಾನೂನಿನಲ್ಲಿ ನಮಗೆ ಸ್ವಲ್ಪ ಆಸರೆ ಇದೆ. ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಸಿದ್ಧ ಉಡುಪಿನ ಮೇಲೆ ಏನೇನು ಇರಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲಿ ನಿಯಮ ತಿದ್ದಿತು. ತಯಾರಕರ ಹೆಸರು ವಿಳಾಸ, ಗ್ರಾಹಕರ ದೂರಿಗೆ ಫೋನು ಮತ್ತು ಇಮೇಲ್, ಎಂಆರ್‌ಪಿ ಇರಬೇಕು. ಜೊತೆಗೆ ಎಸ್, ಎಂ, ಎಲ್ ಥರದ ಸೈಜಿನ ಪಕ್ಕದಲ್ಲೇ ಸೆಂಟಿಮೀಟರ್ ಇಲ್ಲವೇ ಮೀಟರ್‌ನಲ್ಲಿ ಅಳತೆಯೂ ಇರಬೇಕು. ಹಾಗಾಗಿ ‘ಇದರಲ್ಲಿ ಸೆಂಟಿಮೀಟರ್ ಎಲ್ಲಿ?’ ಅಂತ ಕೇಳುವುದು ನಮ್ಮ ಹಕ್ಕು, ಸಂಕೋಚ ಬೇಡ. ಆನ್‌ಲೈನ್ ವ್ಯಾಪಾರಕ್ಕೆ 2020ರ ನಿಯಮಗಳಿವೆ. ಪುಟದಲ್ಲಿ ಹೇಳಿದ ಹಾಗೆ ವಸ್ತು ಇಲ್ಲದಿದ್ದರೆ ವಾಪಸು ತಗೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ನಾನು ಹಿಡಿದದ್ದು ಇದನ್ನೇ. ‘ಆಗಲಿಲ್ಲ’ ಅಂತ ಹೇಳುವುದನ್ನು ಬಿಟ್ಟು, ‘ನಿಮ್ಮ ಪಟ್ಟಿಯಲ್ಲಿ 52 ಇದೆ, ನೀವು ಕಳಿಸಿದ್ದು 42’ ಅಂತ ಬರೆದೆ. ಪಟ್ಟಿಯ ಸ್ಕ್ರೀನ್‌ಶಾಟ್, ಟೇಪಿನ ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಆಮೇಲೆ ದುಡ್ಡು ವಾಪಸು ಬಂತು, ಡೆಲಿವರಿ ಚಾರ್ಜ್ ಮಾತ್ರ ಹಿಡಿದುಕೊಂಡರು. ಅಷ್ಟರಲ್ಲಿ ಹುಟ್ಟುಹಬ್ಬ ಮುಗಿದಿತ್ತು. ಮಗಳು ಮನೆಯಲ್ಲಿದ್ದ ಹತ್ತಿ ಫ್ರಾಕಿನಲ್ಲೇ ಕೇಕ್ ಕತ್ತರಿಸಿದಳು. ಮಗ ತಂಗಿಯ ಬಟ್ಟೆಯ ಬಣ್ಣದ್ದೇ ಜುಬ್ಬಾ ಬೇಕು ಅಂತ ಅತ್ತ.

ದಯವಿಟ್ಟು ಮನೆಯಲ್ಲಿ ಒಂದು ಟೇಪು ಇಡಿ. ಮಗುವಿಗೆ ಸರಿಯಾಗಿ ಕೂರುವ ಒಂದು ಬಟ್ಟೆ ಹರವಿ, ಕಂಕುಳಿಂದ ಕಂಕುಳಿಗೆ, ಹೆಗಲಿಂದ ಅಂಚಿಗೆ ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಒದ್ದಾಡುವ ಮಗುವನ್ನು ಅಳೆಯುವುದಕ್ಕಿಂತ ಇದು ಎಷ್ಟೋ ಸುಲಭ. ಕೊಳ್ಳುವ ಮೊದಲು ಆ ಅಳತೆಗೆ ಹೋಲಿಸಿ. ಪುಟದಲ್ಲಿ ಕೊಟ್ಟಿರುವುದು ಮಗುವಿನ ಅಳತೆಯೋ ಬಟ್ಟೆಯ ಅಳತೆಯೋ ಅಂತ ನೋಡಿ. ಎರಡೂ ಬೇರೆ ಬೇರೆ. ಗೊತ್ತಾಗದಿದ್ದರೆ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ.

ತಲೆಯಿಂದ ಹಾಕುವ ಬಟ್ಟೆಯಾದರೆ ಕೊರಳನ್ನು ಮೊದಲು ನೋಡಿ. ಮಕ್ಕಳ ತಲೆ ಅವರ ಮೈಗೆ ಹೋಲಿಸಿದರೆ ದೊಡ್ಡದು ಅನ್ನುವುದನ್ನು ಹೊಲಿಯುವವರು ಮರೆತುಬಿಡುತ್ತಾರೆ. ಒಂದು ವರ್ಷದ ಮಗುವಿನ ತಲೆ ಸುತ್ತಳತೆ ಸುಮಾರು 45–46 ಸೆಂ.ಮೀ., ನಾಲ್ಕು ವರ್ಷಕ್ಕೆ ಸುಮಾರು 50. ಕೊರಳು ಹಿಗ್ಗಿದಾಗ ಅಷ್ಟಾದರೂ ಆಗಬೇಕು. ಹೆಗಲ ಮೇಲೆ ಬಟ್ಟೆ ಒಂದರ ಮೇಲೊಂದು ಬರುವ ಬನಿಯನ್, ಇಲ್ಲವೇ ಟಿಚ್ ಬಟನ್ ಇರುವುದು ಎಳೆ ಮಕ್ಕಳಿಗೆ ವಾಸಿ. ರಾಂಪರ್ (ಅಂಗಿ, ಚಡ್ಡಿ ಒಂದೇ ಆಗಿ ಹೊಲಿದ ಉಡುಪು) ಆದರೆ ಹೆಗಲಿಂದ ಕಾಲಸಂದಿಯವರೆಗಿನ ಉದ್ದ ಮುಖ್ಯ. ಡೈಪರ್ ಹಾಕಿದಾಗ ಅಲ್ಲೇ ಎಳೆಯುವುದು. ಬಟ್ಟೆ ಲಂಗೋಟಿ ಕಟ್ಟುವವರಿಗೆ ಇನ್ನೂ ಜಾಸ್ತಿ ಜಾಗ ಬೇಕು.

ಹತ್ತಿ ಬನಿಯನ್ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ನೂರಕ್ಕೆ 5ರಷ್ಟು ಕುಗ್ಗಿದರೂ 40 ಸೆಂ.ಮೀ. ಉದ್ದದ್ದು 38ಕ್ಕೆ ಇಳಿಯುತ್ತದೆ. ಹಾಗಂತ ಮುಂದಕ್ಕೂ ಆಗಲಿ ಅಂತ ತೀರಾ ದೊಡ್ಡದು ತರಬೇಡಿ. ಅಂಬೆಗಾಲಿಡುವ ಮಗುವಿನ ಮಂಡಿ ಫ್ರಾಕಿನ ಅಂಚಿನ ಮೇಲೆ ಬೀಳುತ್ತದೆ, ಮುಖ ನೆಲಕ್ಕೆ ಬಡಿಯುತ್ತದೆ. ಕೊರಳು ಸಡಿಲ ಇದ್ದರೆ ಮಲಗಿದಾಗ ಮೂಗಿನ ಮೇಲೆ ಬರುತ್ತದೆ.

ಬಟ್ಟೆ ಬಂದ ದಿನವೇ ಅಳೆಯಿರಿ. ಟ್ಯಾಗ್ ಕತ್ತರಿಸುವ ಮೊದಲು, ಒಗೆಯುವ ಮೊದಲು. ಸಮಾರಂಭದ ಬಟ್ಟೆಯನ್ನು ಬದಲಾಯಿಸಲು ಸಮಯ ಇರುವ ಹಾಗೆ ಮುಂಚೆಯೇ ತರಿಸಿ, ಮಗುವಿಗೆ ಹಾಕಿ ನೋಡಿ.

ಬೇರೆಯವರ ಮಗುವಿಗೆ ಉಡುಗೊರೆ ಕೊಡುವವರು ವಯಸ್ಸು ಕೇಳಬೇಡಿ, ಎತ್ತರ ಮತ್ತು ತೂಕ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಬಿಲ್ಲನ್ನು ಬಟ್ಟೆಯ ಜೊತೆಗೇ ಇಡಿ. ಬೆಲೆ ಕಾಣುವುದು ಬೇಡ ಅನಿಸಿದರೆ, ಬದಲಾಯಿಸಲು ಬಂದರೆ ಒಪ್ಪಿಕೊಳ್ಳುತ್ತೀರಾ ಅಂತ ಅಂಗಡಿಯವರನ್ನು ಕೇಳಿ, ಬೆಲೆ ಇಲ್ಲದ ಒಂದು ಚೀಟಿಯಲ್ಲಿ ತಾರೀಕು ಬರೆಸಿ ಸೀಲು ಹಾಕಿಸಿ ಒಳಗೆ ಇಟ್ಟು ಕೊಡಿ.