ಕದ್ರಿಯ ಥಾಯ್ ಹೋಟೆಲ್: ಊಟ ಪಾಸ್, ಪೇಪರ್ ಮ್ಯಾಟ್ ಜಸ್ಟ್ ಪಾಸ್

ಮೊದಲೇ ಹೇಳಿಬಿಡ್ತೇನೆ, ನಾನು ನಾಲ್ಕು ವರ್ಷ ಬ್ಯಾಂಕಾಕಲ್ಲಿ ಇದ್ದು ಬಂದವ, ಸಿಲೋಮ್ ರಸ್ತೆ ಹತ್ರ ಒಂದು ಆಫೀಸಲ್ಲಿ ಲೆಕ್ಕಪತ್ರದ ಕೆಲಸ, ಹಾಗಾಗಿ ಥಾಯ್ ಊಟದ ವಿಷಯಕ್ಕೆ ಬಂದ್ರೆ ನನಗೆ ಸ್ವಲ್ಪ ಕೊಬ್ಬು ಜಾಸ್ತಿ. ಊರಿಗೆ, ಅಂದ್ರೆ ಮಂಗಳೂರಿಗೆ, ವಾಪಸ್ ಬಂದ ಮೇಲೆ ಥಾಯ್ ಅಂತ ಬೋರ್ಡ್ ಕಂಡಲ್ಲೆಲ್ಲ ನುಗ್ಗಿದ್ದೇನೆ, ಎಲ್ಲ ಕಡೆ ಒಂದೇ ಕಥೆ, ಗೋಬಿ ಮಂಚೂರಿ ಮಾಡಿದ ಬಾಣಲೆಗೇ ಒಂದು ಸೌಟು ತೆಂಗಿನ ಹಾಲು ಹೊಯ್ದು ಥಾಯ್ ಕರಿ ಅಂತ ಕೊಡುದು. ಕದ್ರಿ ಕಡೆ ಒಳರಸ್ತೆಯಲ್ಲಿ ಹೊಸತೊಂದು ಸುರು ಆಗಿದೆ ಅಂತ ಹೆಂಡತಿ ಹೇಳಿದಾಗ ನಾನು ಬೈಲಿಕ್ಕೆ ರೆಡಿ ಆಗಿಯೇ ಹೋದದ್ದು. ಅಮ್ಮ, ಹೆಂಡತಿ, ಮಗ, ನಾನು, ಒಟ್ಟು ನಾಲ್ಕು ಜನ, ಶನಿವಾರ ರಾತ್ರಿ. ಹೆಸರು ಹಾಕುದಿಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈದಿದ್ದೇನೆ, ಓನರ್ ಪಾಪದವ್ರು.

ಹೊರಗಿನ ಬೋರ್ಡಲ್ಲಿ ಥಾಯ್ ಅಕ್ಷರದಲ್ಲೂ ಬರೆದಿದ್ದಾರೆ. ಸುಮ್ಮನೆ ಡಿಸೈನಿಗೆ ಗೀಚಿದ್ದು ಅಂದುಕೊಂಡೆ, ಹತ್ರ ಹೋಗಿ ನೋಡಿದ್ರೆ ಸರಿಯಾಗಿಯೇ ಉಂಟು, ಆಹಾನ್ ಥಾಯ್. ಅಕ್ಷರ ಅಕ್ಷರ ಕೂಡಿಸಿದ್ರೆ ಅದು ನಮ್ಮ ಆಹಾರವೇ ಮಾರಾಯ್ರೆ, ಬರೆಯುದು ಆ-ಹಾ-ರ, ಕೊನೆಯ ರ ಬಾಯಲ್ಲಿ ನ್ ಆಗ್ತದೆ ಅಷ್ಟೇ. ಅದೇ ರೀತಿ ನಗರ ಅವರಲ್ಲಿ ನಖೋನ್. ಸುರುವಿನ ಆರು ತಿಂಗಳು ನಾನು ಈ ಭಾಷೆ ನನ್ನಿಂದ ಆಗುದೇ ಇಲ್ಲ ಅಂತ ಕೂತಿದ್ದೆ, ಒಂದು ದಿನ ಬಸ್ಸಲ್ಲಿ ಕೂತು ಅಂಗಡಿ ಬೋರ್ಡ್ ಕೂಡಿಸಿ ಓದುವಾಗ ಇದು ತಲೆಗೆ ಹೋಯ್ತು ನೋಡಿ, ಮತ್ತೆ ನಿಲ್ಲಿಸ್ಲಿಕ್ಕೇ ಆಗ್ಲಿಲ್ಲ. ಭಾಷಾ ಅಂದ್ರೆ ಫಾಸಾ, ಗುರು ಅಂದ್ರೆ ಖ್ರು, ದೂರಶಬ್ದ ಅಂದ್ರೆ ಥೋರಸಪ್, ಅಂದ್ರೆ ಟೆಲಿಫೋನು! ನನಗೆ ಎಲ್ಲಕ್ಕಿಂತ ಇಷ್ಟದ್ದು ಯಾವುದು ಅಂದ್ರೆ ರೊಟ್. ರಸ ಅಂತ ಬರೆದು ರೊಟ್ ಅಂತ ಓದ್ತಾರೆ, ಅರ್ಥ ರುಚಿ. ರಥ ಅಂತ ಬರೆದು ಅದನ್ನೂ ರೊಟ್ ಅಂತಲೇ ಓದ್ತಾರೆ, ಅರ್ಥ ಕಾರು, ಗಾಡಿ. ರೊಟ್ ಫೈ ಅಂದ್ರೆ ಬೆಂಕಿರಥ, ರೈಲು. ರೊಟ್ ತಿಟ್ ಅಂದ್ರೆ ರಥ ಸಿಕ್ಕಿಬಿದ್ದದ್ದು, ಟ್ರಾಫಿಕ್ ಜಾಮು. ನಾವು ಇಲ್ಲಿ ರಥಬೀದಿಗೆ ಕಾರ್ ಸ್ಟ್ರೀಟ್ ಅಂತೇವೆ, ಅವರು ಅಲ್ಲಿ ಕಾರಿಗೇ ರಥ ಅಂತಾರೆ, ಲೆಕ್ಕ ಟ್ಯಾಲಿ ಆಯ್ತು.

ಸರಿ ಒಳಗೆ ಹೋಗುವ. ಬಾಗಿಲಲ್ಲಿ ಒಬ್ಬ ಹುಡುಗ ಕೈಮುಗಿದು "ಸವಾದಿಕಾ" ಅಂದ. ಮುದ್ದಾಗಿಯೇ ಹೇಳಿದ, ಆದ್ರೆ ಆ ಕೊನೆಯ ಖಾ ಹೆಂಗಸರು ಹೇಳುದು, ಗಂಡಸರದ್ದು ಖ್ರಪ್, ಮಾತಿನಲ್ಲಿ ಖಪ್. ಇವನಿಗೆ ಯಾರೋ ಯೂಟ್ಯೂಬಲ್ಲಿ ಹೆಣ್ಣುಮಕ್ಕಳ ವಿಡಿಯೋ ತೋರಿಸಿ ಟ್ರೈನಿಂಗ್ ಕೊಟ್ಟ ಹಾಗೆ ಕಾಣ್ತದೆ. ಹೇಳಿದೆ, ಪಾಪ ನಾಚಿಕೊಂಡ. ಅಂದ ಹಾಗೆ ಈ ಸವತ್‌ದೀ ಏನೂ ಹಳೆ ಕಾಲದ ಮಾತಲ್ಲ, 1930ರ ದಶಕದಲ್ಲಿ ಚುಲಾಲೊಂಗ್‌ಕೋರ್ನ್ ಯೂನಿವರ್ಸಿಟಿಯಲ್ಲಿ ಫ್ರಾಯಾ ಉಪಕಿತ್ ಸಿಲ್ಪಸಾನ್ ಅನ್ನುವ ಪಂಡಿತರು ನಮ್ಮ ಸ್ವಸ್ತಿಯನ್ನು ತಿರುಗಿಸಿ ಮಾಡಿದ್ದು, ಸರ್ಕಾರ ಅದನ್ನು ಒಪ್ಪಿದ್ದು 1943ರಲ್ಲಿ. ಅದಕ್ಕೆ ಮೊದಲಿಂದ ಇದ್ದು, ಈಗಲೂ ಗಲ್ಲಿಯಲ್ಲಿ ಕೇಳುದು "ಕಿನ್ ಖಾವ್ ರು ಯಾಂಗ್", ಅನ್ನ ಉಂಡಾಯ್ತಾ ಅಂತ. ಇಲ್ಲದಿದ್ರೆ "ಪೈ ನೈ", ಎಲ್ಲಿಗೆ ಹೊರಟದ್ದು ಅಂತ. ಆಫೀಸಲ್ಲಿದ್ದ ಯುರೋಪಿನವರಿಗೆ ಇದು ಕೇಳಿದ್ರೆ ಸಿಟ್ಟು ಬರ್ತಿತ್ತು, ನಾನು ಎಲ್ಲಿಗೆ ಹೋದ್ರೆ ಇವರಿಗೆಂತ ಅಂತ. ತುಳುವಲ್ಲಿ ವಣಸ್ ಆಂಡಾ, ಊಟ ಆಯ್ತಾ ಅಂತ ಕೇಳಿಯೇ ಬೆಳೆದ ನಮಗೆಂತ ಸಿಟ್ಟು.

ಟೇಬಲಿಗೆ ಕೂತ ಮೇಲೆ ಪ್ಲೇಟಿನ ಅಡಿಗೆ ಒಂದು ಪೇಪರ್ ಮ್ಯಾಟ್ ಹಾಕಿದ್ರು, ಅದರಲ್ಲಿ ಇಂಗ್ಲಿಷಲ್ಲಿ ಥಾಯ್ಲೆಂಡ್ ಬಗ್ಗೆ ನಿಮಗಿದು ಗೊತ್ತಾ ಅಂತ ಹದಿನೈದು ಪಾಯಿಂಟು. ಆರ್ಡರ್ ಬರ್ಲಿಕ್ಕೆ ನಲವತ್ತು ನಿಮಿಷ ತೆಗೊಂಡ್ರು, ಹಾಗಾಗಿ ಅದನ್ನು ನಾನು ಪೆನ್ನು ಹಿಡಿದು ಪೇಪರ್ ವ್ಯಾಲ್ಯುವೇಶನ್ ಮಾಡಿದೆ. ಒಂಬತ್ತು ಸರಿ, ಮೂರು ಅರ್ಧ ಸರಿ, ಮೂರು ಶುದ್ಧ ತಪ್ಪು.

ಮೊದಲನೇ ಪಾಯಿಂಟೇ ತಪ್ಪು, ಥಾಯ್ ಜನ ಕಡ್ಡಿಯಲ್ಲಿ ಊಟ ಮಾಡ್ತಾರೆ ಅಂತ, ಮತ್ತೆ ಅದಕ್ಕೆ ಸರಿಯಾಗಿ ಟೇಬಲಲ್ಲಿ ಕಡ್ಡಿ ಬೇರೆ ಇಟ್ಟಿದ್ದಾರೆ. ಇಲ್ಲ ಸ್ವಾಮಿ, ಕಡ್ಡಿ ನೂಡಲ್ಸ್ ಸೂಪಿಗೆ ಮಾತ್ರ. ಅನ್ನ ಉಣ್ಣುದು ಬಲಗೈಲಿ ಚಮಚ, ಎಡಗೈಲಿ ಫೋರ್ಕ್, ಫೋರ್ಕಿನ ಕೆಲಸ ಅನ್ನವನ್ನು ಚಮಚಕ್ಕೆ ನೂಕುದು ಅಷ್ಟೇ, ಅದನ್ನು ಬಾಯಿಗೆ ಹಾಕಿದ್ರೆ ನಾವು ಸೌಟು ಬಾಯಿಗೆ ಇಟ್ಟವನನ್ನು ನೋಡಿದ ಹಾಗೆ ನೋಡ್ತಾರೆ. ಅಂಟು ಅನ್ನ ಆದ್ರೆ ಕೈಯಲ್ಲೇ, ಉಂಡೆ ಕಟ್ಟಿ. ಅಮ್ಮ ಕಡ್ಡಿಯನ್ನು ನೋಡಿ "ಇದೆಂತ ಊದುಬತ್ತಿಯಾ" ಅಂತ ಆಚೆ ಸರಿಸಿದ್ರು, ನಾಲ್ಕು ಜನರಲ್ಲಿ ಸರಿ ಮಾಡಿದ್ದು ಅವರೇ.

555 ಅಂದ್ರೆ ಮೆಸೇಜಲ್ಲಿ ನಗು ಅಂತ ಒಂದು ಪಾಯಿಂಟು, ಅದು ಸರಿ, ಐದಕ್ಕೆ ಅವರು ಹಾ ಅನ್ನುದು, ಹಾಹಾಹಾ. ಬ್ಯಾಂಕಾಕಿನ ಪೂರ್ತಿ ಹೆಸರು ಲೋಕದಲ್ಲೇ ಉದ್ದದ್ದು ಅಂತ ಇನ್ನೊಂದು, ಅದೂ ಸರಿ, ಕ್ರುಂಗ್ ಥೇಪ್ ಮಹಾನಖೋನ್ ಅಂತ ಸುರುವಾಗಿ ಇಂದ್ರ ಹೇಳಿ ವಿಶ್ವಕರ್ಮ ಕಟ್ಟಿದ್ದು ಅನ್ನುವಲ್ಲಿಗೆ ಮುಗೀತದೆ, ನಡುವಲ್ಲಿ ಅಮರ, ರತ್ನ, ಮಹೇಂದ್ರ, ಅಯೋಧ್ಯೆ ಎಲ್ಲ ಉಂಟು, ಭಟ್ರು ಸಂಕಲ್ಪ ಹೇಳಿದ ಹಾಗೆ. ವಾರಕ್ಕೊಂದು ಬಣ್ಣ ಅಂತ ಹಾಕಿದ್ದಾರೆ, ಸೋಮವಾರ ಹಳದಿ, ಮಂಗಳವಾರ ಗುಲಾಬಿ, ಸರಿ, ಆದ್ರೆ ಅಸಲು ಮಜಾ ಬಣ್ಣದಲ್ಲಿ ಅಲ್ಲ ಹೆಸರಲ್ಲಿ. ಮಂಗಳವಾರಕ್ಕೆ ಥಾಯಲ್ಲಿ ವನ್ ಅಂಗ್‌ಖಾನ್, ಅಂದ್ರೆ ಅಂಗಾರ. ತುಳುವಲ್ಲಿ ನಾವು ಎಂತ ಹೇಳುದು? ಅಂಗಾರ! ಆದಿತ್ಯವಾರ ಅವರಿಗೆ ಆತಿತ್, ನಮಗೆ ಐತಾರ. ಇದನ್ನು ಅಮ್ಮನಿಗೆ ಹೇಳಿದ್ರೆ ಅವರಿಗೆ ಆಶ್ಚರ್ಯವೇ ಇಲ್ಲ, ಮತ್ತೆಂತ ಹೇಳ್ಬೇಕಿತ್ತು ಅವರು ಅಂತ ಕೇಳಿದ್ರು.

ಟೈಮಿನದ್ದು ಅರ್ಧ ಸರಿ. ದಿನವನ್ನು ಆರಾರು ಗಂಟೆಗೆ ಭಾಗ ಮಾಡ್ತಾರೆ ಅಂತ ಬರೆದು ಬಿಟ್ಟಿದ್ದಾರೆ, ಅದರಿಂದ ಆಗುವ ಪಜೀತಿ ಬರೀಲಿಲ್ಲ. ಸಂಜೆ ಏಳು ಅಂದ್ರೆ ಒಂದು ಥುಮ್, ಎಂಟು ಅಂದ್ರೆ ಎರಡು ಥುಮ್, ಹಿಂದೆ ಡೋಲು ಬಡಿದು ಹೊತ್ತು ಹೇಳ್ತಿದ್ದ ಶಬ್ದವೇ ಅದು. ನಾನು ಹೋದ ಹೊಸತರಲ್ಲಿ ಆಫೀಸಿನವರು ಮನೆಗೆ ಊಟಕ್ಕೆ ಕರೆದು ಸೋಂಗ್ ಥುಮ್ ಅಂದ್ರು, ಸೋಂಗ್ ಅಂದ್ರೆ ಎರಡು ಅಂತ ಗೊತ್ತಿತ್ತು, ಅಷ್ಟೇ ಗೊತ್ತಿದ್ದದ್ದು, ಮಧ್ಯಾಹ್ನ ಎರಡಕ್ಕೆ ಹಣ್ಣಿನ ಬುಟ್ಟಿ ಹಿಡ್ಕೊಂಡು ಹೋಗಿ ಬೆಲ್ ಮಾಡಿದೆ. ಅವರ ಅತ್ತೆ ಒಬ್ರೇ ಇದ್ದದ್ದು, ನಿದ್ದೆಯಿಂದ ಎದ್ದು ಬಂದ್ರು, ಒಂದು ಮಾತು ಕೇಳ್ಲಿಲ್ಲ, ಕೂರಿಸಿ ಅನ್ನ ಬಡಿಸಿದ್ರು. "ಮೈ ಪೆನ್ ರೈ" ಅಂದ್ರು. ತುಳುವಲ್ಲಿ ದಾಲ ಇಜ್ಜಿ, ಎಂತದ್ದೂ ಇಲ್ಲ ಬಿಡಿ ಅಂದ ಹಾಗೆ. ರಾತ್ರಿ ಎಂಟಕ್ಕೆ ಪುನಃ ಹೋಗಿ ಪುನಃ ಉಂಡೆ.

ಪಕ್ಕದ ಟೇಬಲಲ್ಲಿ ಇನ್ನೊಂದು ಗಲಾಟೆ. ಒಬ್ರು ಅಂಕಲ್ ಮೀನಿನ ಸಾಸಿನ ಬಾಟ್ಲಿ ತಿರುಗಿಸಿ ನೋಡಿ, ಎಕ್ಸ್‌ಪೈರಿ 70 ಅಂತ ಉಂಟು, 2070ರವರೆಗೆ ಹಾಳಾಗದ ಹಾಗೆ ಎಂತ ಕೆಮಿಕಲ್ ಹಾಕಿದ್ದಾರೆ ಅಂತ ಹುಡುಗನನ್ನು ತರಾಟೆಗೆ ತೆಗೊಂಡ್ರು. ಹುಡುಗನಿಗೆ ಗೊತ್ತಿಲ್ಲ. ನಾನು ಎದ್ದು ಹೋಗಿ ಹೇಳಿದೆ, ಅದು ಬುದ್ಧನ ಲೆಕ್ಕದ ಇಸವಿ, 2570, ಅದರಲ್ಲಿ 543 ಕಳೆದ್ರೆ ನಮ್ಮ 2027 ಅಂತ. ಈ ಕಳೆಯುವ ಲೆಕ್ಕ ನನಗೆ ಕೈಬೆರಳಲ್ಲಿ ಉಂಟು, ಅಲ್ಲಿ ಬಿಲ್ಲು, ವೋಚರು, ಹಾಲಿನ ಪ್ಯಾಕೆಟು ಎಲ್ಲದರಲ್ಲೂ ಇದೇ ಇಸವಿ. ಮ್ಯಾಟಲ್ಲಿ ಈ ಒಂದು ಪಾಯಿಂಟ್ ಹಾಕಿದ್ರೆ ಸಾಕಿತ್ತು ನೋಡಿ, ಉಪಯೋಗಕ್ಕೆ ಬರುವುದೇ ಇಲ್ಲ ಅದರಲ್ಲಿ.

ಈಗ ಊಟ. ಟೋಮ್ ಯಮ್ ಸೂಪು ಚೆನ್ನಾಗಿತ್ತು, ಮಜ್ಜಿಗೆ ಹುಲ್ಲಿನ ಪರಿಮಳ ಟೇಬಲಿಗೆ ಬರುವ ಮೊದಲೇ ಬಂತು, ಹುಳಿ ನಿಂಬೆಯದ್ದೇ, ವಿನೆಗರ್ ಅಲ್ಲ. 240 ರೂಪಾಯಿಗೆ ದೊಡ್ಡ ಬೌಲು, ಮೋಸ ಇಲ್ಲ.

ಸೋಮ್ ತಮ್ ಮಾತ್ರ ಬೇಜಾರು ಮಾಡಿತು. ಸೋಮ್ ಅಂದ್ರೆ ಹುಳಿ, ತಮ್ ಅಂದ್ರೆ ಕುಟ್ಟುದು, ಹಸಿ ಪಪ್ಪಾಯಿ ತುರಿಯನ್ನು ಒರಳಲ್ಲಿ ಮೆಣಸು, ಬೆಲ್ಲ, ನೆಲಗಡಲೆ, ನಿಂಬೆಹುಳಿ, ಒಣ ಸಿಗಡಿ ಜೊತೆ ಕುಟ್ಟಬೇಕು. ಇವರು ಕುಟ್ಟಲೇ ಇಲ್ಲ, ಕಲಸಿದ್ದಾರೆ, ಅರ್ಧಕ್ಕರ್ಧ ಕ್ಯಾರೆಟ್ಟು. ಮತ್ತೆ ಒಣ ಸಿಗಡಿ ಇಲ್ಲ. ಯಾಕಂತ ಕೇಳಿದ್ರೆ ಇಂಪೋರ್ಟ್ ಸಿಗುದಿಲ್ಲ ಅಂತೆ! ಬಂದರಿನಿಂದ ಮೂರ್ನಾಲ್ಕು ಕಿಲೋಮೀಟರಲ್ಲಿ ಕೂತು, ಮನೆಮನೆಯಲ್ಲಿ ಒಣ ಎಟ್ಟಿ ಚಟ್ನಿ ಅರೆಯುವ ಊರಲ್ಲಿ, ಸಿಗಡಿಗೆ ಇಂಪೋರ್ಟ್ ಕಾಯುದಾ? ಹೆಂಡತಿ ಕಾಲಲ್ಲಿ ಒದ್ದದ್ದಕ್ಕೆ ಸುಮ್ಮನಾದೆ.

ಪಪ್ಪಾಯಿ ಅಂದಾಗ ನೆನಪಾಯ್ತು. ಮ್ಯಾಟಲ್ಲಿ ಫರಾಂಗ್ ಅಂದ್ರೆ ಬಿಳಿಯರು ಅಂತ ಹಾಕಿದ್ದಾರೆ, ಇದೂ ಅರ್ಧ ಸರಿ. ಫರಾಂಗ್ ಅಂದ್ರೆ ಬಿಳಿಯರೂ ಹೌದು, ಪೇರಳೆ ಹಣ್ಣೂ ಹೌದು, ಅಲ್ಲಿ ಬಿಳಿಯವ ಪೇರಳೆ ತಿಂದ್ರೆ ಫರಾಂಗ್ ಫರಾಂಗನ್ನೇ ತಿಂದ ಅಂತ ಜೋಕು. ಈಗ ನೋಡಿ, ಮೈಸೂರು ಬೆಂಗಳೂರು ಕಡೆಯವರು ಪಪ್ಪಾಯಿಗೆ ಎಂತ ಹೇಳುದು? ಪರಂಗಿ ಹಣ್ಣು. ನಮ್ಮ ಪರಂಗಿ, ಅವರ ಫರಾಂಗ್ ಎರಡೂ ಒಂದೇ ಶಬ್ದ, ಫ್ರಾಂಕರ ಹೆಸರು ಪರ್ಶಿಯಾ ಕಡೆಯಿಂದ ತಿರುಗಿ ಬಂದದ್ದು, ಪರದೇಶದ ಹಣ್ಣಿಗೆ ಪರದೇಶಿಯ ಹೆಸರು ಇಡುವ ಬುದ್ಧಿಯೂ ಒಂದೇ, ನಾವು ಪಪ್ಪಾಯಿಗೆ ಇಟ್ಟೆವು ಅವರು ಪೇರಳೆಗೆ ಇಟ್ರು. ನಾವು ಅಂದ್ರೆ ಘಟ್ಟದ ಮೇಲಿನವರು, ನಮ್ಮಮ್ಮನಿಗೆ ಅದು ಬಪ್ಪಂಗಾಯಿಯೇ. ಆಲೂಗಡ್ಡೆ ಅಲ್ಲಿ ಮನ್ ಫರಾಂಗ್, ಪರಂಗಿ ಗೆಡ್ಡೆ. ಚ್ಯೂಯಿಂಗ್ ಗಮ್ಮಿಗೆ ಮಾಕ್ ಫರಾಂಗ್, ಅಂದ್ರೆ ಪರಂಗಿ ಅಡಿಕೆ! ಅಡಿಕೆ ಬೆಳೆಯುವ ಜಿಲ್ಲೆಯವನಾಗಿ ಇದನ್ನು ಕೇಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಅವರೂ ಮೊದಲು ನಮ್ಮ ಹಾಗೆಯೇ ಎಲೆಅಡಿಕೆ ಜಗಿಯುವವರು, 1940ರ ಸುಮಾರಿಗೆ ಫಿಬೂನ್ ಸರ್ಕಾರ ದೇಶ ಮಾಡರ್ನ್ ಕಾಣ್ಬೇಕು ಅಂತ ನಿಲ್ಲಿಸಲಿಕ್ಕೆ ಹಚ್ಚಿತು. ನಮ್ಮಲ್ಲಿ ಯಾರಾದ್ರೂ ಆ ಧೈರ್ಯ ಮಾಡ್ಲಿ ನೋಡುವ. ಇನ್ನು ನಮ್ಮಂಥವರಿಗೆ ಅವರಿಡುವ ಹೆಸರು ಖೇಕ್, ಅರ್ಥ ಅತಿಥಿ ಅಂತ, ಸಿಲೋಮಿನ ಮಾರಿಯಮ್ಮನ ಗುಡಿಗೇ ವಾಟ್ ಖೇಕ್ ಅಂತಾರೆ. ಪ್ರತೀ 90 ದಿನಕ್ಕೊಮ್ಮೆ ಇಮಿಗ್ರೇಶನಿಗೆ ನಾನು ಇಲ್ಲೇ ಇದ್ದೇನೆ ಅಂತ ರಿಪೋರ್ಟ್ ಮಾಡ್ಬೇಕಾದ ಅತಿಥಿ, ಅದು ಬೇರೆ ವಿಷಯ.

ಮುಖ್ಯ ಐಟಮ್ಮಿಗೆ ಬರ್ತೇನೆ, ಪತ್ ಕಪ್ರಾವ್. ಬ್ಯಾಂಕಾಕಲ್ಲಿ ಎಂತ ತಿನ್ನುದು ಅಂತ ತಲೆಗೆ ಹೋಗದ ದಿನ ಎಲ್ಲರೂ ಆರ್ಡರ್ ಮಾಡುದು ಇದನ್ನೇ. ಕೊಚ್ಚಿದ ಮಾಂಸ, ಬೆಳ್ಳುಳ್ಳಿ, ಮೆಣಸು, ಜೋರು ಬೆಂಕಿ, ಕೊನೆಗೆ ಒಂದು ಹಿಡಿ ಕಪ್ರಾವ್ ಸೊಪ್ಪು, ಅನ್ನದ ಮೇಲೆ ಹಾಕಿ ಅದರ ಮೇಲೆ ಅಂಚು ಗರಿಗರಿ ಆದ ಹುರಿದ ಮೊಟ್ಟೆ, ಅದಕ್ಕೆ ನಕ್ಷತ್ರ ಮೊಟ್ಟೆ ಅಂತ ಹೆಸರು. ಇಲ್ಲಿ 280 ರೂಪಾಯಿ. ಮೊಟ್ಟೆ ಫಸ್ಟ್ ಕ್ಲಾಸ್, ಚಿಕನ್ ಸರಿ, ಖಾರ ಸರಿ, ಆದ್ರೆ ಮೊದಲ ತುತ್ತಿಗೇ ಗೊತ್ತಾಯ್ತು, ಸೊಪ್ಪು ಅದಲ್ಲ. ಇವರು ಹಾಕಿದ್ದು ಕಾಮಕಸ್ತೂರಿ. ಥಾಯಲ್ಲಿ ಅದಕ್ಕೆ ಹೋರಫಾ, ಅದು ಹಸಿರು ಕರಿಗೆಲ್ಲ ಹಾಕುದು. ಪರಿಮಳ ಸಿಹಿ ಸಿಹಿ, ಸೋಂಪಿನ ಹಾಗೆ. ಕಪ್ರಾವಿನದ್ದು ಮೂಗಿಗೆ ಹತ್ತುವ ಲವಂಗದ ಘಾಟು.

ಓನರನ್ನೇ ಕರೆದು ಕೇಳಿದೆ. ಅವರು ಆಚೆ ಈಚೆ ನೋಡಿ, ಕುರ್ಚಿ ಎಳೆದು ಕೂತು, ಮೆಲ್ಲ ಹೇಳಿದ್ರು, "ಸರ್, ಕಪ್ರಾವ್ ಅಂದ್ರೆ ತುಳಸಿ."

ಗೊತ್ತುಂಟು ಅಂದೆ.

"ಸುರುವಿಗೆ ತುಳಸಿಯೇ ಹಾಕಿದ್ದು ಸರ್. ಅಡಿಗೆಯವನು ಕೋಳಿಗೆ ಹಾಕುದಿಲ್ಲ ಅಂತ ಸೌಟು ಕೆಳಗಿಟ್ಟ. ನಾನೇ ಮಾಡಿದೆ. ಒಂದು ಫ್ಯಾಮಿಲಿ ತಿಂದು, ಚಂದ ಉಂಟು, ಇದೆಂತ ಸೊಪ್ಪು ಅಂತ ಕೇಳಿದ್ರು. ಹೇಳಿದ್ದೇ ತಪ್ಪಾಯ್ತು, ಅಜ್ಜಿ ಎದ್ದು ಕೈ ತೊಳೆದು ಹೊರಗೆ ಹೋಗಿ ನಿಂತ್ರು."

ಎಂತ ಹೇಳುದು ಇದಕ್ಕೆ. ಅದೇ ಗಿಡ, ಅಲ್ಲಿಯ ತಳಿ ಸ್ವಲ್ಪ ಖಾರ ಜಾಸ್ತಿ, ಅಷ್ಟೇ ವ್ಯತ್ಯಾಸ. ಅಲ್ಲಿ ಕಟ್ಟುಕಟ್ಟು ಮಾರ್ಕೆಟಲ್ಲಿ ತರಕಾರಿ, ಇಲ್ಲಿ ಕಟ್ಟೆಯಲ್ಲಿ ದೇವರು. ನಾನೇ ಬ್ಯಾಂಕಾಕಿಗೆ ಹೋದ ಮೊದಲ ತಿಂಗಳು ತಿಳಿಯದೆ ಹತ್ತಿಪ್ಪತ್ತು ಸಲ ತಿಂದು, ಗೊತ್ತಾದ ದಿನ ಒಂದು ಗಳಿಗೆ ಚಮಚ ಕೆಳಗಿಟ್ಟವ. ಮತ್ತೆ ಎತ್ತಿಕೊಂಡೆ. ಅಮ್ಮನ ಹತ್ರ ಇವತ್ತಿನವರೆಗೂ ಹೇಳ್ಲಿಲ್ಲ. ಪುಣ್ಯಕ್ಕೆ ಅವರು ಆಗ ಡೆಸರ್ಟಿನ ಫೋಟೋ ನೋಡ್ತಾ ಇದ್ರು. ಮೆನುವಲ್ಲಿ ಮಾತ್ರ ಇದನ್ನು ಸುಮ್ಮನೆ ಬೇಸಿಲ್ ಅಂತ ಬರೆದದ್ದು ನನಗೆ ಸರಿ ಕಾಣ್ಲಿಲ್ಲ, ಕಾಮಕಸ್ತೂರಿ ಹಾಕಿದ್ರೆ ಕಾಮಕಸ್ತೂರಿ ಅಂತ ಬರೀಲಿ, ಅದಕ್ಕೆಂತ ನಾಚಿಕೆ.

ಡೆಸರ್ಟಿಗೆ ಖನೋಮ್ ಖ್ರೊಕ್. ಎಕ್ಸಾಟಿಕ್ ಥಾಯ್ ಕೋಕೊನಟ್ ಬೈಟ್ಸ್ ಅಂತ ಹೆಸರಿಟ್ಟು ಆರಕ್ಕೆ 190 ರೂಪಾಯಿ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಗುಳಿಗುಳಿ ಇರುವ ಕಾವಲಿ. ಅಮ್ಮ ಒಂದು ಬಾಯಿಗೆ ಹಾಕಿ ಜೋರಾಗಿಯೇ ಕೇಳಿದ್ರು, "ಉಂದು ನಮ್ಮ ಗುಳಿಯಪ್ಪ ಅತ್ತಾ?" ಅಕ್ಕಪಕ್ಕದ ಎರಡು ಟೇಬಲಿನವರು ತಮ್ಮ ಪ್ಲೇಟು ನೋಡ್ಕೊಂಡ್ರು. ಹೌದಮ್ಮ ಅದೇ, ಬೆಲ್ಲದ ಬದಲು ಸಕ್ಕರೆ, ನಡುವಲ್ಲಿ ಇನ್ನೂ ಸ್ವಲ್ಪ ಹಾಲುಹಾಲು, ಆದ್ರೆ ಈ ಹೋಟೆಲಲ್ಲಿ ನಿಜಕ್ಕೂ ಬ್ಯಾಂಕಾಕಿನ ರುಚಿ ಇದ್ದ ಐಟಮ್ ಅದೊಂದೇ, ಪುನಃ ಒಂದು ಪ್ಲೇಟ್ ತರಿಸಿದೆವು.

ಬಿಲ್ಲು 555 ಬಂದಿದ್ರೆ ನಗ್ತಿದ್ದೆ, ಬಂದದ್ದು 1,620. ಎಸಿ ನಮ್ಮ ಟೇಬಲಿನ ಮೂಲೆಗೆ ತೊಟ್ಟಿಕ್ತಿತ್ತು, ಪಾರ್ಕಿಂಗ್ ಎರಡು ಕಾರಿಗೆ ಮಾತ್ರ, ಬೈಕಲ್ಲಿ ಹೋಗುದು ಒಳ್ಳೆಯದು. ಐದಕ್ಕೆ ಮೂರೂವರೆ ಕೊಡ್ತೇನೆ, ಸಿಗಡಿ ಹಾಕಿದ ದಿನ ನಾಲ್ಕು.

ಹೊರಡುವಾಗ ಓನರ್ ಬಾಗಿಲವರೆಗೆ ಬಂದು ಮಂಗಳವಾರ ರಶ್ ಕಡಿಮೆ ಸರ್, ಮೊದಲೇ ಫೋನ್ ಮಾಡಿ ಬನ್ನಿ, ನಿಮಗೆ ಮಾತ್ರ ಸರಿಯಾದ ಸೊಪ್ಪು ಹಾಕಿ ಮಾಡ್ತೇನೆ, ಆದ್ರೆ ಸೊಪ್ಪು ನೀವೇ ತರ್ಬೇಕು, ನನ್ನ ಮನೆಯಲ್ಲಿ ಕೊಯ್ಲಿಕ್ಕೆ ಬಿಡುದಿಲ್ಲ ಅಂದ್ರು. ನಮ್ಮ ಹಿತ್ತಿಲಲ್ಲಿ ಬಾವಿಕಟ್ಟೆ ಹತ್ರ ತನ್ನಷ್ಟಕ್ಕೇ ಹುಟ್ಟಿದ್ದು ಸುಮಾರು ಉಂಟು, ಪೂಜೆಯ ಕಟ್ಟೆಯದ್ದು ಮುಟ್ಟುದಿಲ್ಲ. ನಿನ್ನೆ ಅದಕ್ಕೆ ಎರಡು ಚೊಂಬು ನೀರು ಹಾಕ್ತಾ ಇದ್ದೆ, ಅಮ್ಮ ಜಗಲಿಯಿಂದ ನೋಡಿ, ಮಗನಿಗೆ ಈಗ ಭಕ್ತಿ ಬಂತು ಅಂತ ಪಕ್ಕದ ಮನೆಯವರಿಗೆ ಹೇಳಿದ್ರಂತೆ.