ಶಿರಸಿ ಜೇನು, ಅಂಕೋಲಾ ಮಾವು: ಬ್ಲಾಕ್‌ಚೈನ್ ಬೇಕೋ, ಸಾದಾ ಕ್ಯೂಆರ್ ಕೋಡ್ ಸಾಕೋ?

ಸರಕು ಎಲ್ಲಿಂದ ಬಂತು ಅಂತ ಗಿರಾಕಿಗೆ ತೋರಿಸಲು ಜೇನು ಬಾಟಲಿಗೆ ಕೋಡ್ ಹಚ್ಚಬೇಕು ಅಂದುಕೊಂಡವರಿಗೆ ಎರಡು ದಾರಿ ಇವೆ.

ಸಾದಾ ಕೋಡ್ ಗಿರಾಕಿಯನ್ನು ನಮ್ಮದೇ ವೆಬ್ ಪುಟಕ್ಕೆ ಕರೆತರುತ್ತದೆ. ಖರ್ಚು ಕಮ್ಮಿ. ಆದರೆ ಜೇನು ತೆಗೆದ ತಾರೀಖನ್ನು ನಾಳೆ ನಾವೇ ತಿದ್ದಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಬ್ಲಾಕ್‌ಚೈನ್ ಅಂದರೆ ಹಲವರು ಹಂಚಿಕೊಂಡು ಇಡುವ ಡಿಜಿಟಲ್ ದಾಖಲೆ ಪುಸ್ತಕ. ಅದರಲ್ಲಿ ಪ್ರತಿ ದಾಖಲೆಗೂ ಹಿಂದಿನದರ ಗುರುತು ಅಂಟಿಕೊಂಡಿರುತ್ತದೆ, ನಕಲು ಹಲವರ ಬಳಿ ಇರುತ್ತದೆ. ಗುಟ್ಟಾಗಿ ತಿದ್ದುವುದು ಬಹಳ ಕಷ್ಟ. ಸರಕು ನಾಲ್ಕಾರು ಕೈ ದಾಟುವಾಗ ಇದರ ಬೆಲೆ ತಿಳಿಯುತ್ತದೆ. ಅಮೆರಿಕದ ದೊಡ್ಡ ಅಂಗಡಿ ಸರಣಿ ವಾಲ್‌ಮಾರ್ಟ್ ಮಾಡಿದ ಬ್ಲಾಕ್‌ಚೈನ್ ಪ್ರಯೋಗದಲ್ಲಿ ಮಾವಿನ ಹೋಳಿನ ಮೂಲ ಹುಡುಕಲು ಮೊದಲು ಸುಮಾರು 7 ದಿನ ಬೇಕಾಗಿತ್ತು, ಆಮೇಲೆ 2.2 ಸೆಕೆಂಡು ಸಾಕಾಯಿತು. ನಮ್ಮ ಕಾಫಿ ಮಂಡಳಿಯೂ 2019ರಲ್ಲಿ ಇಂಥದೊಂದು ಪ್ರಯೋಗ ಶುರು ಮಾಡಿತು.

ಆದರೆ ಸಕ್ಕರೆ ಪಾಕ ಬೆರೆಸಿ ‘ಶುದ್ಧ ಜೇನು’ ಅಂತ ಬರೆದರೆ ಆ ಸುಳ್ಳೂ ಅಲ್ಲೇ ಭದ್ರವಾಗಿ ಉಳಿಯುತ್ತದೆ. ಅದನ್ನು ಹಿಡಿಯುವುದು ಲ್ಯಾಬ್ ಪರೀಕ್ಷೆ, ಅಲ್ವಾ?

ಹಾಗಾಗಿ ಕೆಲವೇ ಜೇನು ಪೆಟ್ಟಿಗೆ ಇಟ್ಟವರು ಲ್ಯಾಬ್ ವರದಿ ಹಾಕಿದ ಸಾದಾ ಕೋಡ್ ಮಾಡಿಸಿ. ದುಡ್ಡು ಪರೀಕ್ಷೆಗೇ ಹೋಗಲಿ. 2023ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದೇ ವಿಶೇಷ ಸರಕು ಎಂಬ ಅಧಿಕೃತ ಗುರುತು) ಸಿಕ್ಕ ಅಂಕೋಲಾದ ಕರಿ ಇಶಾಡ ಮಾವಿನ ಹಣ್ಣನ್ನು ಒಟ್ಟಾಗಿ ದೂರದೂರಿಗೆ ಕಳಿಸುವ ಬೆಳೆಗಾರರಿಗೆ ಬ್ಲಾಕ್‌ಚೈನ್ ಖಂಡಿತ ಲಾಯಕ್ಕು. ತೋಟದವರಿಂದ ಲಾರಿಯವರವರೆಗೆ ಎಲ್ಲರೂ ಆಯಾ ದಿನವೇ ದಾಖಲಿಸಲು ಒಪ್ಪಬೇಕು, ಅಷ್ಟೇ.